ವಿಯೆಟ್ನಾಮಿನ ಸ್ವಾತಂತ್ರ್ಯ ಹೋರಾಟದ ಎರಡು ಕಾವ್ಯಗಳು

ಪರದಾಸ್ಯದಲ್ಲಿದ್ದ ಜನರ ಕಾವ್ಯವೆಂದೊಡನೆ ನಾವು ರಣಭೇರಿಯನ್ನೇ ನಿರೀಕ್ಷಿಸುತ್ತೇವೆ. ಶಾಲೆಗಳ ರಾಷ್ಟ್ರೀಯ ಹಬ್ಬಗಳಲ್ಲಿ ನಾವೇ ಮಕ್ಕಳಿಂದ ಹಾಡಿಸುವ ಗೀತೆಗಳು ಈ ನಿರೀಕ್ಷೆಯನ್ನು ಬೆಳೆಸಿವೆ. 1858ರಲ್ಲಿ ದಾ ನಾಂಗ್ ಬಂದರಿನ ಮೇಲೆ ಫ್ರೆಂಚ್ ನೌಕಾಪಡೆ ಎರಗಿದಂದಿನಿಂದ 1954ರ ಮೇ 7ರಂದು ದಿಯೆನ್ ಬಿಯೆನ್ ಫೂವಿನಲ್ಲಿ ಅದೇ ಫ್ರೆಂಚರ ದಂಡು ಶರಣಾಗುವವರೆಗೆ, ವಿಯೆಟ್ನಾಮಿನಲ್ಲಿ ಭೇರಿಯ ಕಾವ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಆ ಕಾಲದಿಂದ ಇಂದಿಗೂ ಓದಿಸಿಕೊಳ್ಳುವ ಎರಡು ಕೃತಿಗಳಲ್ಲಿ ದನಿ ಏರಿಲ್ಲ, ಇಳಿದಿದೆ. ಮೂಲಭಾಷೆಗಳನ್ನರಿಯದೆ ಇಂಗ್ಲಿಷ್ ಅನುವಾದಗಳ ಮೂಲಕ ಅವನ್ನು ಓದಿದ ಈ ಲೇಖಕನು ಶಬ್ದಸೌಷ್ಠವದ ಬಗ್ಗೆ ತೀರ್ಪು ಕೊಡಲಾರನು. ಅರ್ಥದ ನಡೆಯನ್ನಷ್ಟೇ ಇಲ್ಲಿ ವಿಚಾರಿಸಲಾಗಿದೆ.

ಮೊದಲನೆಯದು ನ್ಗುಯೆನ್ ದಿನ್ ಚಿಯು (1822–1888) ರಚಿಸಿದ, ಕಾನ್ ಜುವೋಕ್ ಎಂಬಲ್ಲಿ ಮಡಿದ ರೈತರ ಅಂತ್ಯವಿಧಿಯ ಶೋಕಪಾಠ. ಕವಿ ಕುರುಡ. ಪರೀಕ್ಷೆಗೆಂದು ಹ್ಯೂ ನಗರಕ್ಕೆ ಹೋಗಿದ್ದವನು ತಾಯಿ ತೀರಿಕೊಂಡ ಸುದ್ದಿ ಕೇಳಿ ಊರಿಗೆ ಹಿಂದಿರುಗುವಾಗ ಕಾಯಿಲೆ ಬಿದ್ದು ಕಣ್ಣು ಕಳೆದುಕೊಂಡ. ಆಮೇಲೆ ಪಾಠ ಹೇಳುತ್ತ, ಔಷಧ ಕೊಡುತ್ತ ಬಾಳಿದ. ಬರೆಯಲಾರದವನಾದ್ದರಿಂದ ಕಾವ್ಯವನ್ನು ಹೇಳಿ ಬರೆಯಿಸುತ್ತಿದ್ದ. 1861ರ ಡಿಸೆಂಬರಿನ ಒಂದು ರಾತ್ರಿ ಹಳ್ಳಿಯ ರೈತರು ಫ್ರೆಂಚರ ಠಾಣೆಯ ಮೇಲೆ ನುಗ್ಗಿ ಸತ್ತರು. ಅವರಿಗಾಗಿ ಸಂಪ್ರದಾಯದ ಜೋಡಿವಾಕ್ಯಗಳಲ್ಲಿ ಈ ಪಾಠ ಸಿದ್ಧವಾಯಿತು.

ಇದರ ಹೆಚ್ಚಳವು ‘ಇಲ್ಲ’ಗಳ ಪಟ್ಟಿಯಲ್ಲಿದೆ. ಇವರಿಗೆ ಕುದುರೆ ಗೊತ್ತಿಲ್ಲ, ಬಿಲ್ಲು ಗೊತ್ತಿಲ್ಲ. ಗೊತ್ತಿರುವುದು ನೇಗಿಲು, ಎಮ್ಮೆ, ನಾಟಿಯ ಗದ್ದೆ. ಗುರಾಣಿ, ಈಟಿ, ಬಾವುಟಗಳನ್ನು ಕಣ್ಣಿಂದ ಕಂಡವರೇ ಅಲ್ಲ. ಮೈಮೇಲೊಂದು ಬಟ್ಟೆ, ಕೈಯಲ್ಲೊಂದು ಬಿದಿರಿನ ಗಳ. ಬೆಂಕಿಯಿಡಲು ಹುಲ್ಲಿನ ಹುರಿ. ಸಂಪ್ರದಾಯದ ವೀರಕಾವ್ಯದಲ್ಲಿ ಯೋಧನ ಸಜ್ಜು ಎಷ್ಟು ವಿಸ್ತಾರವಾಗಿ ಬರುತ್ತದೋ ಇಲ್ಲಿ ಸಜ್ಜಿಲ್ಲದಿರುವಿಕೆ ಅಷ್ಟೇ ವಿಸ್ತಾರವಾಗಿದೆ. ಕೊನೆಗೆ ಗುಡಿಸಿಲಿನ ಮಂಕುದೀಪದೆದುರು ಅಳುವ ಮುದಿತಾಯಿ, ಸಂಜೆ ಗಂಡನನ್ನು ಹುಡುಕಿಕೊಂಡು ಹೊರಟ ಹೆಂಡತಿ ಬರುತ್ತಾರೆ. ತುರುಗಾಳಗದಲ್ಲಿ ಬಿದ್ದ ಸಾಮಾನ್ಯನೊಬ್ಬನಿಗೆ ಊರವರು ನಿಲ್ಲಿಸಿದ ವೀರಗಲ್ಲುಗಳನ್ನು ಕಂಡ ನಮಗೆ ಈ ಗೌರವ ಅಪರಿಚಿತವಲ್ಲ. ಆದರೆ ವೀರಗಲ್ಲು ಸತ್ತವನನ್ನು ದೇವಕನ್ಯೆಯರ ಕೈಗೆ ಒಪ್ಪಿಸುತ್ತದೆ. ಚಿಯು ತನ್ನವರನ್ನು ಕೆಸರುಗದ್ದೆಯಿಂದ ಎತ್ತುವ ಆತುರ ತೋರಿಸುವುದಿಲ್ಲ.

ಎರಡನೆಯದು ಹೋ ಚಿ ಮಿನ್ ಅವರ ‘ಸೆರೆಮನೆಯ ದಿನಚರಿ’. 1942ರ ಆಗಸ್ಟಿನಲ್ಲಿ ಗಡಿ ದಾಟಿ ಚೀನಕ್ಕೆ ಹೋದ ಅವರನ್ನು ಗ್ವಾಂಗ್‌ಸಿ ಪ್ರಾಂತದಲ್ಲಿ ಚಿಯಾಂಗ್ ಕೈ ಷೇಕ್ ಸರಕಾರದ ಅಧಿಕಾರಿಗಳು ಗೂಢಚಾರನೆಂಬ ಅನುಮಾನದಿಂದ ಹಿಡಿದು, ವಿಚಾರಣೆಯಿಲ್ಲದೆ ಸೆರೆಮನೆಯಿಂದ ಸೆರೆಮನೆಗೆ ನಡೆಸಿದರು. 1943ರ ಸೆಪ್ಟೆಂಬರಿನಲ್ಲಿ ಬಿಡುಗಡೆ. ಈ ಒಂದು ವರ್ಷದಲ್ಲಿ ಅವರು ಬರೆದ ನೂರಕ್ಕೂ ಮೀರಿದ ಪದ್ಯಗಳು ಹೆಚ್ಚಾಗಿ ನಾಲ್ಕು ಸಾಲಿನವು. ಚೀನೀ ಪ್ರಾಚೀನ ಛಂದಸ್ಸಿನವು. ಭಾಷೆಯೂ ಪ್ರಾಚೀನ ಚೀನಿಯೇ. ಕಾವಲುಗಾರರಿಗೆ ಸಂಶಯ ಬಾರದಿರಲೆಂದು ಹಾಗೆ ಮಾಡಿದರೆನ್ನುವುದುಂಟು. ಆದರೆ ಹಳೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಪಂಡಿತನ ಮಗನಿಗೆ ಈ ಛಂದಸ್ಸು ಬಾಲ್ಯದ ಪಾಠ ಎಂಬುದೇ ಸಾಕಾದ ಕಾರಣವೆಂದು ನನಗೆ ತೋರುತ್ತದೆ.

ಪ್ರಾಚೀನ ಕವಿಸಂಕಲನವೊಂದನ್ನು ಓದಿ ಬರೆದ ಪದ್ಯದಲ್ಲಿ ಅವರು, ಹಿಂದಿನವರು ಪ್ರಕೃತಿಯ ಚೆಲುವನ್ನೇ ಹಾಡಿದರು, ಇಂದಿನ ಕವಿತೆಯಲ್ಲಿ ಉಕ್ಕಿರಬೇಕು, ಕವಿಗೆ ಮುನ್ನುಗ್ಗಲು ಬರಬೇಕು ಎಂದು ವಿಧಿಸುತ್ತಾರೆ. ಈ ಒಂದು ಪದ್ಯವನ್ನೇ ದಿನಚರಿಗೆಲ್ಲ ಬೀಗದಕೈ ಮಾಡಿಕೊಂಡ ವಿಮರ್ಶೆ ಬಹಳವಿದೆ. ಅದನ್ನು ಒಪ್ಪಲು ಮನಸ್ಸು ಬಾರದು. ಉಳಿದ ಪದ್ಯಗಳು ಈ ವಿಧಿಯನ್ನು ಪಾಲಿಸುವುದೇ ಇಲ್ಲ! ಜೂಜಿನ ಪದ್ಯವನ್ನು ನೋಡಿರಿ: ಹೊರಗೆ ಜೂಜಾಡಿದರೆ ಸೆರೆ, ಒಳಗೆ ಆಡಲು ಅಡ್ಡಿಯಿಲ್ಲ, ಇದನ್ನರಿತ ಕೈದಿ ಮೊದಲೇ ಇಲ್ಲಿಗೆ ಬರಲಿಲ್ಲವಲ್ಲಾ ಎಂದು ಪರಿತಪಿಸುತ್ತಾನೆ. (ಒಂಬತ್ತನೆಯ ತರಗತಿಯಲ್ಲಿ ಇದರ ಸಾರ ಹೇಳಿದಾಗ ಹುಡುಗರು ಟಿಪ್ಪಣಿಯ ಹಂಗಿಲ್ಲದೆ ನಕ್ಕರು.) ತಂದೆ ಸೈನ್ಯದಿಂದ ತಪ್ಪಿಸಿಕೊಂಡದ್ದಕ್ಕೆ ತಾಯಿಯೊಡನೆ ಸೆರೆಗೆ ಬಂದ ಆರು ತಿಂಗಳ ಕೂಸಿನ ಅಳು ಇನ್ನೊಂದು ಪದ್ಯ. ಸಂಜೆ ಬೆಟ್ಟದ ಹಳ್ಳಿಯಲ್ಲಿ ಜೋಳ ಬೀಸುವ ಹುಡುಗಿ, ಬೀಸಿ ಮುಗಿಯುವಷ್ಟರಲ್ಲಿ ಕೆಂಪಾದ ಒಲೆಯ ಕೆಂಡ ಮತ್ತೊಂದು. ಅದರಲ್ಲಿ ಕೈದಿಯ ಹೆಸರೇ ಇಲ್ಲ. ಉದುರಿದ ಹಲ್ಲಿಗೆ ಹೇಳುವ ಬೀಳ್ಕೊಡುಗೆಯಂತೂ ವಿಶೇಷ: ನೀನು ಗಟ್ಟಿ, ನಾಲಿಗೆಯಂತೆ ಮೆತ್ತಗಿನವನಲ್ಲ, ಸಿಹಿಕಹಿಗಳಲ್ಲಿ ಜೊತೆಗಿದ್ದೆ ಎಂದು ಹೊಗಳಿ ಕಳಿಸುತ್ತಾರೆ. ಉಕ್ಕು ಬೇಕೆಂದ ಕವಿಯ ಪುಸ್ತಕದಲ್ಲಿ ಮೊದಲು ಬಿದ್ದುಹೋಗುವುದು ಗಟ್ಟಿಯಾದದ್ದೇ, ಉಳಿಯುವುದು ನಾಲಿಗೆ. ಕವಿ ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಪದ್ಯ ಅದನ್ನು ಹೇಳುತ್ತದೆ.

ಎಲ್ಲ ಪದ್ಯಗಳೂ ಈ ಮಟ್ಟದವಲ್ಲ. ಊರಿಂದೂರಿಗೆ ಸಾಗಿಸಿದ್ದನ್ನು ದಾಖಲಿಸುವ ಅನೇಕವು ದಿನಚರಿಯೇ ಹೊರತು ಕಾವ್ಯವಲ್ಲ. ಫ್ರೆಂಚರ ಪ್ರಸ್ತಾಪವೂ ಅತ್ಯಲ್ಪ. ಸ್ವಾತಂತ್ರ್ಯವೆಂಬುದು ಇಲ್ಲಿ ಘೋಷಣೆಯಾಗಿ ಬರದೆ, ಕಾಲಿಗೆ ಕೋಳ ಹಾಕಿದಾಗಲೂ ಪಕ್ಕದವನ ಕೂಸನ್ನು ಗಮನಿಸುವ ಶಕ್ತಿಯಾಗಿ ಬರುತ್ತದೆ. ಚಿಯುವಿನ ರೈತರಿಗೂ ಈ ಕೈದಿಗೂ ಇರುವ ನಂಟು ಇದೇ.

ಇನ್ನು ಲಿಪಿಯ ವಿಷಯ. ಗಡಿನಾಡಿನ ಅಧ್ಯಾಪಕರಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ. ಚಿಯು ಬಳಸಿದ್ದು ನೋಮ್ ಲಿಪಿ: ಚೀನೀ ಅಕ್ಷರಗಳ ಮಾದರಿಯಲ್ಲಿ ತಾಯಿನುಡಿಗಾಗಿ ಕಟ್ಟಿಕೊಂಡದ್ದು. ಹದಿನೇಳನೆಯ ಶತಮಾನದ ಪಾದ್ರಿಗಳು ರೋಮನ್ ಅಕ್ಷರಗಳಿಂದ ಇನ್ನೊಂದು ಲಿಪಿ ಮಾಡಿದರು. 1651ರಲ್ಲಿ ರೋಮಿನಲ್ಲಿ ಅದರ ನಿಘಂಟು ಅಚ್ಚಾಯಿತು. ಫ್ರೆಂಚ್ ಆಡಳಿತ ಅದನ್ನೇ ಪೋಷಿಸಿತು. ಚೀನೀ ವಿದ್ಯೆಯ ಹಳೆಯ ಪರೀಕ್ಷೆಗಳು 1919ರಲ್ಲಿ ಕೊನೆಗೊಂಡವು. ವಿಚಿತ್ರವೆಂದರೆ, ಆಳುವವರು ಮೆಚ್ಚಿದ ಈ ಲಿಪಿಯನ್ನೇ ಹೋರಾಟಗಾರರು ಕೈಗೆತ್ತಿಕೊಂಡರು. 1945ರ ಸೆಪ್ಟೆಂಬರ್ 2ರಂದು ಸ್ವಾತಂತ್ರ್ಯ ಸಾರಿ, ಆರೇ ದಿನಗಳಲ್ಲಿ ಅಕ್ಷರಪ್ರಸಾರದ ಆಜ್ಞೆ ಹೊರಡಿಸಿದರು. ಓದಲು ಬಂದವರು ಬಾರದವರಿಗೆ ಕಲಿಸಬೇಕು. ಕೆಲವು ಸಂತೆಗಳಲ್ಲಿ ಓದಬಲ್ಲವರಿಗೊಂದು ಬಾಗಿಲು, ಬಾರದವರಿಗೆ ‘ಕುರುಡರ ಬಾಗಿಲು’ ಎಂದು ಬೇರೊಂದು. ಕುರುಡನಾದ ಚಿಯು ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದನೋ! ಚಳವಳಿ ದೊಡ್ಡದು, ಅಗತ್ಯವಾದದ್ದು. ಅವಮಾನವನ್ನು ಬೋಧನಾಕ್ರಮವಾಗಿ ಬಳಸಿದ್ದನ್ನು ಮಾತ್ರ ಶಿಕ್ಷಕನಾಗಿ ಮೆಚ್ಚಲಾರೆ.

ಗೆಲುವಿನ ಬೆಲೆಯೂ ಇತ್ತು. ದಿನಚರಿಯಲ್ಲಿ ಅಕ್ಷರ ಬಿಡಿಸುವ ಪದ್ಯವೊಂದಿದೆ, ನಮ್ಮ ಚಿತ್ರಕಾವ್ಯದ ಜಾತಿಯದು. ಚೀನೀ ಲಿಪಿಯಲ್ಲಿ ‘ಸೆರೆಯಾಳು’ ಎಂದರೆ ಚೌಕಟ್ಟಿನೊಳಗೆ ‘ಮನುಷ್ಯ’ನೆಂಬ ಗುರುತು. ಆ ಮನುಷ್ಯನನ್ನು ಹೊರತೆಗೆದು ಬೇರೊಂದು ಗುರುತನ್ನು ಇಟ್ಟರೆ ಅದು ‘ದೇಶ’ವಾಗುತ್ತದೆ. ‘ಪಂಜರ’ದ ಮೇಲಿನ ಬಿದಿರಿನ ಗುರುತನ್ನು ತೆಗೆದರೆ ‘ಡ್ರ್ಯಾಗನ್’ ಹೊರಬರುತ್ತದೆ. ಇಡೀ ಹೋರಾಟದ ಆಸೆಯೇ ನಾಲ್ಕು ಸಾಲಿನ ಈ ಅಕ್ಷರದಾಟದಲ್ಲಿದೆ. 1960ರಲ್ಲಿ ದಿನಚರಿ ಹನೋಯಿಯಲ್ಲಿ ಪ್ರಕಟವಾದಾಗ ಅದನ್ನು ವಿಯೆಟ್ನಾಮಿ ಭಾಷೆಗೆ ಅನುವಾದಿಸಿ, ರೋಮನ್ ಲಿಪಿಯಲ್ಲಿ ಅಚ್ಚುಹಾಕಬೇಕಾಯಿತು. ಅಲ್ಲಿ ಬಿಡಿಸುವುದಕ್ಕೆ ಚೌಕಟ್ಟೂ ಇಲ್ಲ, ಬಿದಿರೂ ಇಲ್ಲ. ತಮ್ಮ ನಾಯಕನ ಈ ಪದ್ಯ ತಿಳಿಯಬೇಕಾದರೆ ಹನೋಯಿಯ ವಿದ್ಯಾರ್ಥಿಯೂ ನಮ್ಮಂತೆಯೇ ಪುಟದ ಕೆಳಗಿನ ಟಿಪ್ಪಣಿಯನ್ನು ನೋಡಬೇಕು.