ಕೈಪಿಡಿಯ ಅಧಿಕಾರಿವಿಚಾರ: ದೋಷಶೋಧಕ ಸಾಧನಗಳ ಗ್ರಂಥರಚನೆಯ ವಿಮರ್ಶೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರ್ಣಯಿಸಬೇಕೆಂಬುದು ಪ್ರಾಚೀನರ ಮರ್ಯಾದೆ. ಮೊದಲಿನ ಮೂರು ಇದ್ದಂತೆಯೇ ಇದ್ದು, ಅಧಿಕಾರಿ, ಎಂದರೆ ಗ್ರಂಥವನ್ನು ಓದಿ ಆಚರಿಸತಕ್ಕವನು, ಒಬ್ಬನೇ ಬೇರೆಯಾದರೆ ಗ್ರಂಥದ ಗತಿಯೇನು? ಈ ಪ್ರಶ್ನೆ ಇಂದು ಬರಿಯ ತರ್ಕವಿನೋದವಲ್ಲ. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ ದೋಷವನ್ನು ಹುಡುಕುವ ‘ಡಿಬಗರ್’ ಎಂಬ ಸಾಧನಗಳ ಕೈಪಿಡಿಗಳನ್ನು ಬಹುಕಾಲ ಮನುಷ್ಯರೇ ಓದುತ್ತಿದ್ದರು. ಈಗ ಕೃತಕ ಬುದ್ಧಿಯ ‘ಏಜೆಂಟ್’ಗಳು, ಒಪ್ಪಿಸಿದ ಕಾರ್ಯವನ್ನು ಹಂತಹಂತವಾಗಿ ತಾವೇ ನಡಸುವ ಯಂತ್ರಗಳು, ಅವನ್ನು ಓದಿ ಆಜ್ಞೆಗಳನ್ನು ಪ್ರಯೋಗಿಸುತ್ತಿವೆ.

ನಿದರ್ಶನಕ್ಕೆ ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ರಚಿಸಿದ ಜಿ.ಡಿ.ಬಿ. ಎಂಬ ಸಾಧನದ ಕೈಪಿಡಿಯನ್ನು ತೆಗೆದುಕೊಳ್ಳಬಹುದು. ಅದು ವಿಸ್ತಾರವಾದುದು, ಕ್ರಮಬದ್ಧವಾದುದು. ಮನುಷ್ಯನಾದ ಓದುಗನಿಗೆ ಉಪಕಾರಿಯೆಂಬುದರಲ್ಲಿ ವಿವಾದವಿಲ್ಲ. ಆದರೆ ಅದರ ‘ಪ್ರಿಂಟ್’ ಎಂಬ ಆಜ್ಞೆಯನ್ನು ಪರಿಶೀಲಿಸಬೇಕು. ಹೆಸರನ್ನು ನೋಡಿದರೆ ಅದರ ಕೆಲಸ ಬೆಲೆಯನ್ನು ತೋರಿಸುವುದು ಮಾತ್ರ. ಆದರೆ ಅದರ ಮುಂದೆ ‘ಎಕ್ಸ್ = 4’ ಎಂದು ಬರೆದರೆ ಅದು ಎಕ್ಸಿನ ಬೆಲೆಯನ್ನೇ ಬದಲಾಯಿಸಿ, ಆಮೇಲೆ ತೋರಿಸುತ್ತದೆ. ಕೈಪಿಡಿ ಇದನ್ನು ಮರೆಮಾಡಿಲ್ಲ. ಆದರೆ ದತ್ತಾಂಶಗಳನ್ನು ನೋಡುವ ಪ್ರಕರಣ ಒಂದು ಕಡೆ, ಬೆಲೆಯನ್ನು ಮಾರ್ಪಡಿಸುವ ಪ್ರಕರಣ ಇನ್ನೊಂದು ಕಡೆ ಇವೆ. ಆದ್ಯಂತ ಓದಿದವನು ಎರಡನ್ನೂ ಸಮನ್ವಯಗೊಳಿಸಿಕೊಳ್ಳುವನು. ಏಜೆಂಟಿನ ಮುಂದೆಯಾದರೋ ಗ್ರಂಥದ ಒಂದು ತುಣುಕು ಮಾತ್ರ ಇರುವುದುಂಟು. ಸನ್ನಿಧಿಯಿಲ್ಲದ ಕಡೆ ವಾಕ್ಯಾರ್ಥವು ಪೂರ್ಣವಾಗದೆಂಬ ಮೀಮಾಂಸಕರ ಮಾತಿಗೆ ಇದು ಹೊಸ ಉದಾಹರಣೆ.

ಇದಕ್ಕಿಂತ ಗುರುತರವಾದುದು ‘ಅಟ್ಯಾಚ್’ ಎಂಬ ಆಜ್ಞೆ. ನಡೆಯುತ್ತಿರುವ ಪ್ರೋಗ್ರಾಮಿಗೆ ಡಿಬಗರನ್ನು ಜೋಡಿಸುವುದು ಇದರ ಕಾರ್ಯ. ಜೋಡಿಸಿದೊಡನೆ ಆ ಪ್ರೋಗ್ರಾಮು ನಿಂತುಬಿಡುತ್ತದೆ. ಅದು ಸಾವಿರಾರು ಜನರು ಆಶ್ರಯಿಸಿದ ಸೇವೆಯಾಗಿದ್ದರೆ ಅವರೆಲ್ಲರೂ ಕಾಯಬೇಕಾಗುವುದು. ನಿಲ್ಲುವುದನ್ನು ಕೈಪಿಡಿ ಹೇಳುತ್ತದೆ. ಜನರು ಕಾಯುವುದನ್ನು ಲೋಕಾನುಭವಕ್ಕೆ ಬಿಟ್ಟಿದೆ. ಮನುಷ್ಯನಲ್ಲಿ ಈ ಅಧ್ಯಾಹಾರವು ಸಹಜ; ಯಂತ್ರದಲ್ಲಿ ಅದನ್ನು ನಂಬಿಕೊಂಡಿರುವುದು ಸಾಹಸ.

ಇನ್ನೊಂದು ಅಂಶವು ಎಲ್ಲಕ್ಕಿಂತ ವಿಚಾರಣೀಯ. ಹಾನಿಕರವಾಗಬಹುದಾದ ಕೆಲವು ಆಜ್ಞೆಗಳಿಗೆ ಮುನ್ನ ಜಿ.ಡಿ.ಬಿ. ‘ಹೌದೋ, ಅಲ್ಲವೋ’ ಎಂದು ಪ್ರಶ್ನಿಸುತ್ತದೆ. ಪ್ರೋಗ್ರಾಮನ್ನು ಕೊಲ್ಲುವ ‘ಕಿಲ್’ ಆಜ್ಞೆ ಇಂಥದು. ಆದರೆ ಟರ್ಮಿನಲ್ಲಿನ ಮುಂದೆ ಮನುಷ್ಯನು ಕುಳಿತಿಲ್ಲದಿದ್ದರೆ ಅದು ತನ್ನ ಪ್ರಶ್ನೆಗೆ ತಾನೇ ‘ಹೌದು’ ಎಂದು ಉತ್ತರಿಸಿಕೊಂಡು ಮುಂದುವರಿಯುತ್ತದೆ. ‘ಬ್ಯಾಚ್’ ಎಂಬ ಕ್ರಮದಲ್ಲಂತೂ ಪ್ರಶ್ನೆಯೇ ಇಲ್ಲ. ಏಜೆಂಟುಗಳು ಸಾಮಾನ್ಯವಾಗಿ ಪ್ರಯೋಗಿಸುವುದು ಇಂಥ ಕ್ರಮಗಳನ್ನೇ. ಮನುಷ್ಯನಿಗೆ ಪ್ರಶ್ನೆಯೇ ರಕ್ಷೆಯಾಗಿತ್ತು. ಏಜೆಂಟಿನ ಪಾಲಿಗೆ ಆ ರಕ್ಷೆ ಕಳಚಿದೆ. ಆದಕಾರಣ ಪ್ರಶ್ನೆ ಹೊರುತ್ತಿದ್ದ ಭಾರವನ್ನು ಇನ್ನು ಗ್ರಂಥವೇ ಹೊರಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ಏಜೆಂಟು ಅಪಾರವಾದ ಗ್ರಂಥರಾಶಿಯಿಂದ ಶಿಕ್ಷಿತವಾದುದು, ತಿಳಿದವನಿಗೆ ಹೇಳುವುದು ಪುನರುಕ್ತಿ, ಮೇಲಾಗಿ ಅದು ಒಮ್ಮೆಗೆ ಗ್ರಹಿಸಬಲ್ಲ ಪಾಠಕ್ಕೆ ಮಿತಿಯಿರುವುದರಿಂದ ವಿಸ್ತರವು ದೋಷವೇ. ವಿಸ್ತರವು ದೋಷವೆಂಬುದು ಒಪ್ಪತಕ್ಕದ್ದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ‘ಎಸ್.ಡಬ್ಲ್ಯು.ಇ.-ಏಜೆಂಟ್’ ಎಂಬ ಕೃತಿಯಲ್ಲಿ ಒಂದು ಕಡತವನ್ನು ಇಡಿಯಾಗಿ ತೋರಿಸುವುದಕ್ಕಿಂತ 100 ಸಾಲುಗಳಂತೆ ತೋರಿಸಿದಾಗ ಫಲ ಉತ್ತಮವಾಯಿತು. 30 ಸಾಲುಗಳಿಗೆ ಇಳಿಸಿದಾಗಲೂ ಫಲ ಕುಂದಿತು. ಅದೇ ಕೃತಿಯಲ್ಲಿ, ಆಜ್ಞೆಯೊಂದು ಏನನ್ನೂ ಮುದ್ರಿಸದೆ ಸಫಲವಾದಾಗ ‘ಕಾರ್ಯವು ನೆರವೇರಿತು, ಫಲಿತಪಾಠವಿಲ್ಲ’ ಎಂದು ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆಯೂ ಇದೆ. ಯೂನಿಕ್ಸ್ ಪರಂಪರೆಯಲ್ಲಿ ಮೌನವೇ ಸಮ್ಮತಿ. ಹೊಸ ಓದುಗನಿಗೆ ಮೌನವು ಸಂದೇಹ. ಹೀಗೆ ಬೇಕಾದುದು ಬಹುಭಾಷಿತ್ವವಲ್ಲ, ಅಸಂದಿಗ್ಧತೆ. ಅಲ್ಪಾಕ್ಷರವೂ ನಿಸ್ಸಂದೇಹವೂ ಆದ ಸೂತ್ರಕ್ಕೆ ಇದೇ ಲಕ್ಷಣವಲ್ಲವೆ?

ಆದುದರಿಂದ ಪ್ರತಿಯೊಂದು ಆಜ್ಞೆಯ ಬಳಿಯಲ್ಲಿಯೇ, ಅದು ನೋಡುವುದೋ ಮಾರ್ಪಡಿಸುವುದೋ, ಮಾರ್ಪಟ್ಟುದನ್ನು ಹಿಂದಿರುಗಿಸಬಹುದೋ ಇಲ್ಲವೋ, ಯಾವಾಗ ಮನುಷ್ಯನ ಅನುಜ್ಞೆಯನ್ನು ಪಡೆಯಬೇಕು ಎಂಬಿಷ್ಟನ್ನು ಹೇಳುವ ಗ್ರಂಥವೇ ಹೊಸ ಅಧಿಕಾರಿಗೆ ಯೋಗ್ಯವಾದುದು. ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ನಿಯಮಾವಳಿಯ 2025ರ ಆವೃತ್ತಿಯಲ್ಲಿ, ಸಾಧನವು ಬರಿದೆ ಓದುವಂಥದೋ ವಿನಾಶಕರವೋ ಎಂದು ಸೂಚಿಸುವ ಗುರುತುಗಳಿಗೆ ಅವಕಾಶ ದೊರೆತುದು ಈ ದಾರಿಯ ಸ್ತುತ್ಯವಾದ ಹೆಜ್ಜೆ. ಆದರೆ ವಿಶ್ವಾಸಾರ್ಹವಲ್ಲದ ಮೂಲದಿಂದ ಬಂದ ಗುರುತನ್ನು ನಂಬಬಾರದೆಂದು ಆ ನಿಯಮಾವಳಿಯೇ ಎಚ್ಚರಿಸುತ್ತದೆ. ಇದು ಯುಕ್ತವೇ. ಗ್ರಂಥವು ದಾರಿಯನ್ನು ತೋರಿಸಬಲ್ಲುದು, ಕೈಯನ್ನು ಹಿಡಿದು ನಿಲ್ಲಿಸಲಾರದು. ನಿಷೇಧವಾಕ್ಯವನ್ನು ಬರೆದಮಾತ್ರಕ್ಕೆ ಬೇಲಿ ಕಟ್ಟಿದಂತಾಗದು. ಬೇಲಿಯನ್ನು ಸಾಧನದ ಅನುಮತಿವ್ಯವಸ್ಥೆಯಲ್ಲಿಯೇ ಕಟ್ಟಬೇಕು. ಆದರೂ ಬೇಲಿ ಎಲ್ಲಿದೆ, ಏತಕ್ಕಿದೆ ಎಂಬುದನ್ನು ತಿಳಿಸುವ ಹೊಣೆ ಗ್ರಂಥಕಾರನದೇ. ಓದುಗನು ಯಂತ್ರವಾದನೆಂಬ ಕಾರಣದಿಂದ ಆ ಹೊಣೆ ತಗ್ಗುವುದಿಲ್ಲ, ಹೆಚ್ಚುತ್ತದೆ.