ಸೂತಕ ನಿರಾಕರಣೆಯೂ ಅಂತರಂಗದ ಪರೀಕ್ಷೆಯೂ

ಶಿವಶರಣರ ಚರಿತ್ರೆಯನ್ನು ಓದಹೊರಟವನಿಗೆ ಮೊದಲು ಎದುರಾಗುವುದು ಅವರು ಮೀರಿದ ಕಟ್ಟಳೆಗಳು. ಬಸವಣ್ಣನವರು ಜನಿವಾರವನ್ನು ತೊರೆದರು. ಅಕ್ಕಮಹಾದೇವಿ ಉಡುಗೆಯನ್ನು ತೊರೆದಳು. ಬೇಡರ ಕಣ್ಣಪ್ಪನು ಶಿವನಿಗೆ ಮಾಂಸದ ಎಡೆಯಿಟ್ಟನು. ಮಧುವರಸನೂ ಹರಳಯ್ಯನೂ ಬೀಗರಾದರು. ಧರ್ಮವು ಕೂಡದೆಂದದ್ದನ್ನು ಧರ್ಮಕ್ಕಾಗಿಯೇ ಮಾಡಿದ ಈ ಮಹನೀಯರ ನಡೆಗೆ ಅರ್ಥವೇನೆಂಬುದು ವೀರಶೈವ ಸಾಹಿತ್ಯವಿಮರ್ಶೆಯ ಮುಖ್ಯ ಪ್ರಶ್ನೆಗಳಲ್ಲೊಂದು.

ಇದಕ್ಕೆ ಇಂದು ಎರಡು ಬಗೆಯ ಉತ್ತರಗಳು ಬಳಕೆಯಲ್ಲಿವೆ. ಭಕ್ತರು ಇದನ್ನು ಲೀಲೆಯೆಂದು ಬಗೆಯುತ್ತಾರೆ. ಕಾರಣಪುರುಷರಿಗೆ ಅದು ಸಲ್ಲುತ್ತದೆ, ಸಾಮಾನ್ಯರಾದ ನಮಗೆ ಸಲ್ಲದು ಎಂದು ಕೈಮುಗಿಯುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು, ಅದರಲ್ಲಿಯೂ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಬೆಳಕು ಕಂಡ ಮೇಲೆ ವಚನಗಳನ್ನು ಪಠ್ಯವಾಗಿ ಓದತೊಡಗಿದ ತಲೆಮಾರುಗಳವರು, ಇದನ್ನು ಪ್ರತಿಭಟನೆಯೆಂದು ಕರೆಯುತ್ತಾರೆ. ಸಮಾಜದ ಅನ್ಯಾಯಕ್ಕೆ ಎದ್ದ ದನಿಯೆಂದು ಹೇಳಿ ಅಲ್ಲಿಗೆ ನಿಲ್ಲುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಒಂದೇ ಮಾತನ್ನು ತಪ್ಪಿಸಿಕೊಳ್ಳುತ್ತವೆ. ಕಟ್ಟಳೆಯನ್ನು ಮೀರಿದವನ ಅಂತರಂಗಕ್ಕೆ ಆ ಮೀರುವಿಕೆಯಿಂದ ಏನಾಯಿತು? ಲೀಲೆಯೆಂದವನಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಪ್ರತಿಭಟನೆಯೆಂದವನಿಗೆ ಇದು ಬೇಕಾಗುವುದಿಲ್ಲ. ಶರಣರಿಗಾದರೋ ಇದೊಂದೇ ಪ್ರಶ್ನೆ ಮುಖ್ಯವಾಗಿದ್ದಿತು. ಪ್ರಸ್ತುತ ಲೇಖನದಲ್ಲಿ ಇದನ್ನೇ ಕೆಲವು ಕೃತಿಗಳ ಬೆಳಕಿನಲ್ಲಿ ಪರಿಶೀಲಿಸಬಯಸುತ್ತೇನೆ.

೧

ನಿಷೇಧವನ್ನು ಮೀರುವುದೇ ಸಾಧನೆಯೆಂಬ ಭಾವನೆ ಶೈವಪರಂಪರೆಗೆ ಹೊಸದಲ್ಲ. ಪಾಶುಪತಸೂತ್ರವನ್ನೂ ಅದಕ್ಕೆ ಕೌಂಡಿನ್ಯನು ಬರೆದ ಭಾಷ್ಯವನ್ನೂ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಾಧನೆಯ ಒಂದು ಹಂತದಲ್ಲಿ ಪಾಶುಪತನು ತನ್ನ ವ್ರತದ ಗುರುತುಗಳನ್ನು ಮರೆಸಿ ಜನರ ನಡುವೆ ಹೋಗಬೇಕು. ಎಚ್ಚರವಾಗಿದ್ದೂ ನಿದ್ದೆಹೋದವನಂತೆ ಗೊರಕೆಹೊಡೆಯಬೇಕು, ಮೈ ನಡುಗಿಸಬೇಕು, ಕುಂಟಬೇಕು, ಕಾಮಿಯಂತೆ ನಟಿಸಬೇಕು, ಆಡಬಾರದ್ದನ್ನು ಆಡಬೇಕು. ಕಂಡವರು ತಿರಸ್ಕರಿಸಿದಷ್ಟೂ ಅವನ ಪಾಪ ನಿಂದಕರಿಗೆ ಸೇರಿ, ಅವರ ಪುಣ್ಯ ಅವನಿಗೆ ಸೇರುವುದೆಂಬುದು ಅಲ್ಲಿಯ ನಂಬಿಕೆ. ಅಭಿಮಾನವನ್ನು ಸುಡುವ ಕಠಿನವಾದ ಮಾರ್ಗವಿದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರ ಒಂದು ಮಿತಿಯನ್ನು ಗಮನಿಸಬೇಕು. ಇಲ್ಲಿ ಕಟ್ಟಳೆಯು ಜನರ ಮನಸ್ಸಿನಲ್ಲಿ ಗಟ್ಟಿಯಾಗಿಯೇ ಉಳಿಯಬೇಕು. ಬೆಚ್ಚಿಬೀಳುವವರು ಇಲ್ಲವಾದರೆ ಸಾಧನೆಯೇ ನಡೆಯದು. ಕಟ್ಟಳೆಯನ್ನು ಮೀರುವವನು ಆ ಕಟ್ಟಳೆಯನ್ನೇ ಆಶ್ರಯಿಸಿರುತ್ತಾನೆ. ತನ್ನ ಮೇಲ್ಮೆಗೆ ಅನ್ಯರ ನಿಂದೆಯನ್ನು, ಅವರ ನಷ್ಟವನ್ನು, ಸಾಮಗ್ರಿಯಾಗಿ ಮಾಡಿಕೊಳ್ಳುತ್ತಾನೆ.

ಕಣ್ಣಪ್ಪನ ಕಥೆಯದು ಬೇರೊಂದು ಬಗೆ. ತಮಿಳಿನಲ್ಲಿ ಸೇಕ್ಕಿಳಾರನ ಪೆರಿಯಪುರಾಣ, ಕನ್ನಡದಲ್ಲಿ ಹರಿಹರನ ರಗಳೆ ಆ ಚರಿತ್ರೆಯನ್ನು ಅಮರಗೊಳಿಸಿವೆ. ಬಾಯಲ್ಲಿ ನೀರು ತುಂಬಿ ತಂದು ಮಜ್ಜನಕ್ಕೆರೆಯುವುದು, ರುಚಿ ನೋಡಿದ ಮಾಂಸವನ್ನು ಅರ್ಪಿಸುವುದು, ಕೊನೆಗೆ ತನ್ನ ಎರಡನೆಯ ಕಣ್ಣನ್ನು ಕೀಳುವ ಮೊದಲು ಗುರುತಿಗಾಗಿ ಶಿವನ ಕಣ್ಣಿನ ಮೇಲೆ ಪಾದವನ್ನಿಡುವುದು: ಆಗಮಜ್ಞನಿಗೆ ಇವೆಲ್ಲ ಅಪಚಾರಗಳು. ಕಣ್ಣಪ್ಪನಿಗೆ ಅಪಚಾರವೆಂಬುದು ಗೊತ್ತೇ ಇಲ್ಲ. ಆದುದರಿಂದ ಅವನು ಕಟ್ಟಳೆಯನ್ನು ಮೀರಿದನೆಂದು ಹೇಳುವುದೇ ಅಸಂಗತ. ಅವನ ಪಾಲಿಗೆ ಕಟ್ಟಳೆಯೇ ಇರಲಿಲ್ಲ. ಈ ಕಥೆಯಲ್ಲಿ ನಿಜವಾಗಿ ಪರೀಕ್ಷೆಗೊಳಗಾಗುವವನು ಮರೆಯಲ್ಲಿ ನಿಂತು ನೋಡುವ ಅರ್ಚಕ. ಅವನ ಶುಚಿತ್ವ ಸುಳ್ಳಲ್ಲ; ಆದರೆ ಅದಕ್ಕಾಗಿ ಅವನು ಏನನ್ನೂ ಕಳೆದುಕೊಂಡವನಲ್ಲ. ಬೇಡನ ಅಶುಚಿತ್ವದ ಹಿಂದೆ ಎರಡು ಕಣ್ಣುಗಳ ಬೆಲೆಯಿದೆ.

ಪಾಶುಪತನು ಅರಿತು ನಟಿಸುತ್ತಾನೆ. ಕಣ್ಣಪ್ಪನು ಅರಿಯದೆ ಅರ್ಪಿಸುತ್ತಾನೆ. ಅರಿತೂ ನಟಿಸದಿರುವ ಮೂರನೆಯ ದಾರಿಯೊಂದಿದೆ. ಅದು ಹನ್ನೆರಡನೆಯ ಶತಮಾನದ ಶರಣರದು.

೨

ಬಸವಣ್ಣನವರ ಉಪನಯನದ ಪ್ರಸಂಗವನ್ನೇ ನೋಡೋಣ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನನುಸರಿಸಿ ಭೀಮಕವಿಯು ೧೩೬೯ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಾಲಕ ಬಸವನು ಉಪನಯನವನ್ನೇ ಒಲ್ಲೆನೆನ್ನುತ್ತಾನೆ. ಶಿವಭಕ್ತನಿಗೆ ಮತ್ತೊಂದು ಸಂಸ್ಕಾರವೇಕೆಂದು ತಂದೆಯೊಡನೆ ವಾದಿಸುತ್ತಾನೆ. ಭೀಮಕವಿಗಿಂತ ಹಿಂದಿನವನಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಚಿತ್ರ ಬೇರೆ. ಅಲ್ಲಿ ಉಪನಯನವಾಗುತ್ತದೆ. ತಾಯಿತಂದೆಗಳನ್ನು ಕಳೆದುಕೊಂಡ ಬಸವನು ಜನಿವಾರವನ್ನು ಧರಿಸಿಯೇ ಬೆಳೆಯುತ್ತಾನೆ. ಶಿವಭಕ್ತಿಯೂ ಕರ್ಮವೂ ಒಂದೆಡೆ ಇರಲಾರವೆಂಬ ಅರಿವು ಒಳಗೆ ಬಲಿತ ಮೇಲೆ ಅದನ್ನು ಕಿತ್ತೊಗೆದು ಸಂಗಮದತ್ತ ಹೊರಡುತ್ತಾನೆ.

ಪುರಾಣದ ಬಸವನು ಹುಟ್ಟಿನಿಂದಲೇ ಮುಕ್ತ; ಅವನು ಬೆಳೆಯಬೇಕಾದುದೇನೂ ಇಲ್ಲ. ರಗಳೆಯ ಬಸವನು ಬೆಳೆದು ಮುಕ್ತನಾಗುತ್ತಾನೆ. ಒಂದು ಕಾಲ ಧರಿಸಿದ್ದನ್ನು, ಅದರ ಭಾರವನ್ನು ಅರಿತು, ತೆಗೆಯುತ್ತಾನೆ. ತೆಗೆದ ಮೇಲೆ ಅಗ್ರಹಾರದಲ್ಲಿ ನಿಂತು ಜಗಳವಾಡುವುದಿಲ್ಲ; ಸೇರಬೇಕಾದೆಡೆಗೆ ನಡೆಯುತ್ತಾನೆ. ಹರಿಹರನ ದೃಷ್ಟಿಯಲ್ಲಿ ಕಟ್ಟಳೆಯನ್ನು ಮೀರುವುದು ಪಯಣದ ಮೊದಲ ಹೆಜ್ಜೆ. ಮುಂದೆ ಸಂಗಮನಾಥನ ಸನ್ನಿಧಿಯಲ್ಲಿ ಕಳೆಯುವ ದಿನಗಳಿಲ್ಲದೆ ಆ ಹೆಜ್ಜೆಗೆ ಬೆಲೆಯಿಲ್ಲ. ಕಾವ್ಯವಾಗಿಯೂ ಸಾಧಕನ ಚರಿತ್ರೆಯಾಗಿಯೂ ರಗಳೆಯ ಪಾಠವೇ ಹೆಚ್ಚು ಸತ್ತ್ವಯುತವಾದುದೆಂದು ನನ್ನ ಅಭಿಪ್ರಾಯ.

೩

ಈ ವಿಚಾರವು ಪರಾಕಾಷ್ಠೆಯನ್ನು ಮುಟ್ಟುವುದು ಶೂನ್ಯಸಂಪಾದನೆಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಸಂಪಾದಿಸಿದ ಈ ಕೃತಿ ವೀರಶೈವ ವಾಙ್ಮಯದ ಶಿಖರ. ಇದರ ಇಂಗ್ಲಿಷ್ ಅನುವಾದವನ್ನು ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರ ಅವಧಿಯಲ್ಲಿ ಐದು ಸಂಪುಟಗಳಾಗಿ ಹೊರತಂದುದು ವಿದ್ವಾಂಸರಿಗೆ ತಿಳಿದ ವಿಷಯ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದು ಅನುಭವಮಂಟಪದಲ್ಲಿ ನಿಂತಾಗ ಪ್ರಭುದೇವರು ಅವಳನ್ನು ಕೇಳುವ ಪ್ರಶ್ನೆಗಳೇ ನಮ್ಮ ಪ್ರಶ್ನೆಗೆ ಉತ್ತರವಾಗಬಲ್ಲವು.

ಅವಳು ಬಿಟ್ಟುಬಂದುದೇನೆಂಬುದನ್ನು ಮೊದಲು ನೆನೆಯಬೇಕು. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಅವಳು ನಿಬಂಧನೆಗಳನ್ನೊಡ್ಡಿ ಕೌಶಿಕನನ್ನು ಮದುವೆಯಾಗುತ್ತಾಳೆ. ಅವನು ಕೊಟ್ಟ ಮಾತನ್ನು ಮೂರು ಸಲ ಮೀರಿದ ಮೇಲೆ ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಹರಿಹರನ ಕಥೆಯಲ್ಲಿ ಲೋಕವು ಕಾಣದ ಸೂಕ್ಷ್ಮವೊಂದಿದೆ: ಮೇರೆ ಮೀರಿದವಳೆಂದು ಲೋಕವು ಬೆರಳು ತೋರುವುದು ಅಕ್ಕನತ್ತ, ನಿಜವಾಗಿ ಮೇರೆ ಮೀರಿದವನು ಅರಸ.

ಇಂತಹ ಅಕ್ಕನನ್ನು ಶರಣರ ಸಭೆಯು ಜಯಘೋಷದಿಂದ ಎದುರುಗೊಳ್ಳಬಹುದಾಗಿತ್ತು. ಪ್ರಭುದೇವರು ಹಾಗೆ ಮಾಡಲಿಲ್ಲ. ಅವರ ಪ್ರಶ್ನೆಯ ತಾತ್ಪರ್ಯವಿಷ್ಟು: ಬಟ್ಟೆಯನ್ನು ಕಳಚಿದೆ, ಸರಿ. ಭ್ರಾಂತಿಯನ್ನು ಕಳಚಿದೆಯಾ? ಕಳಚಿದ್ದರೆ ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡಿರುವುದೇಕೆ? ಮೇಲುನೋಟಕ್ಕೆ ಇದು ನಿರ್ದಯವಾದ ಪ್ರಶ್ನೆ. ಹೆಣ್ಣೊಬ್ಬಳನ್ನು ತುಂಬಿದ ಸಭೆಯಲ್ಲಿ ಹೀಗೆ ಕೇಳಬಹುದೇ ಎಂದು ಇಂದಿನ ಓದುಗರು ನೊಂದುಕೊಂಡರೆ ಅದು ಸಹಜ. ಆದರೆ ಪ್ರಶ್ನೆಯ ಮೊನೆಯಿರುವುದು ಅವಳ ಶೀಲದ ಕಡೆಗಲ್ಲ, ತ್ಯಾಗದ ಕಡೆಗೆ. ಲೋಕದ ಲಜ್ಜೆಯನ್ನು ಒದ್ದು ಬಂದವರಿಗೆ ಒದ್ದುಬಂದೆನೆಂಬ ನೆನಪೇ ಮುಂದಿನ ಬಂಧನವಾಗಬಹುದು. ಆ ನೆನಪು ಉಳಿದಿದೆಯೋ ಇಲ್ಲವೋ ಎಂಬುದನ್ನು ಹೊಗಳಿಕೆಯಿಂದ ಅರಿಯಲಾಗದು.

ಅಕ್ಕನ ಉತ್ತರವು ಗುರುವಿನ ಪ್ರಶ್ನೆಗೆ ಸರಿಸಾಟಿಯಾದುದು. ಒಳಗಣ ತಿರುಳು ಹಣ್ಣಾಗುವವರೆಗೆ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲವೆಂಬ ಹೋಲಿಕೆಯಿಂದ ಅವಳು ತೊಡಗುತ್ತಾಳೆ. ಮೈಯನ್ನು ಮರೆಸಿಕೊಂಡದ್ದು ತನ್ನ ನಾಚಿಕೆಯಿಂದಲ್ಲ, ನೋಡುವವರ ಮನಸ್ಸು ನೋಯಬಾರದೆಂದು ಎನ್ನುತ್ತಾಳೆ. ಈ ಉತ್ತರದಲ್ಲಿ ಎರಡು ಅಂಶಗಳು ಅಡಗಿವೆ. ಮೊದಲನೆಯದು: ಕಟ್ಟಳೆ ಉದುರುವುದು ಪಕ್ವತೆಯ ಫಲವಾಗಿ; ಸಿಪ್ಪೆಯನ್ನು ಸುಲಿದ ಮಾತ್ರಕ್ಕೆ ಕಾಯಿ ಹಣ್ಣಾಗದು. ಎರಡನೆಯದು ಇನ್ನೂ ಗಂಭೀರವಾದುದು: ನಿಜವಾಗಿ ಬಿಡುಗಡೆ ಹೊಂದಿದವರು ಅನ್ಯರ ದೌರ್ಬಲ್ಯವನ್ನು ತಿರಸ್ಕರಿಸುವುದಿಲ್ಲ. ಪಾಶುಪತನು ನೋಡುವವರ ನಿಂದೆಯನ್ನು ಬಯಸಿದನು. ಅಕ್ಕನು ನೋಡುವವರ ನೋವನ್ನು ತಪ್ಪಿಸಬಯಸಿದಳು. ಲಜ್ಜೆಯಿಂದ ಹೊದ್ದ ವಸ್ತ್ರಕ್ಕೂ ಕರುಣೆಯಿಂದ ಹೊದ್ದ ಕೇಶಕ್ಕೂ ಇರುವ ಈ ಅಂತರವೇ ಅವಳ ಆಧ್ಯಾತ್ಮಿಕ ಬೆಳವಣಿಗೆಯ ಅಳತೆ. ಇದನ್ನು ಪ್ರತಿಭಟನೆಯೆಂಬ ಒಂದೇ ಪದದಲ್ಲಿ ಮುಗಿಸುವುದು ಹೇಗೆ? ಲೀಲೆಯೆಂದು ಬದಿಗೆ ಸರಿಸುವುದಾದರೂ ಹೇಗೆ?

೪

ಅಕ್ಕನ ಹಾದಿ ವಿರಳರದು. ಆದರೆ ಶರಣರು ಸಾಮಾನ್ಯ ಗೃಹಸ್ಥನ ಬಾಗಿಲಿಗೂ ಇದೇ ಪ್ರಶ್ನೆಯನ್ನು ತಂದಿಟ್ಟರು. ಅದೇ ಪಂಚಸೂತಕಗಳ ನಿರಾಕರಣೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಈ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಅವರು ಸಾರಿದರು. ಇದು ವಚನಕಾರರೊಬ್ಬರ ಮಾತೇ ಅಲ್ಲ. ಲಿಂಗಪೂಜಾನಿರತಳಾದ ಸ್ತ್ರೀಗೆ ಋತುಕಾಲದಲ್ಲಿಯೂ ಪ್ರಸವದಲ್ಲಿಯೂ ಸೂತಕವಿಲ್ಲವೆಂದು ಸಂಸ್ಕೃತದ ಸಿದ್ಧಾಂತಶಿಖಾಮಣಿಯೂ ವಿಧಿಸುತ್ತದೆ. ಈ ವಿಷಯದಲ್ಲಿ ಎರಡು ಪರಂಪರೆಗಳಿಗೂ ಭಿನ್ನಾಭಿಪ್ರಾಯವಿಲ್ಲ.

ಇಲ್ಲಿ ಗಮನಾರ್ಹವಾದುದು ನಿರಾಕರಣೆಗಿಂತಲೂ ಅದರ ಸ್ಥಾನದಲ್ಲಿ ಅವರು ಇರಿಸಿದ ವಿಧಾಯಕ ತತ್ತ್ವ. ಜನನದ ಅಶುಚಿಯನ್ನು ಅಲ್ಲಗಳೆದು, ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಬಂಧವನ್ನು ಕಲ್ಪಿಸಿದರು. ಮರಣವನ್ನು ಐಕ್ಯವೆಂದು ಕಂಡುದರಿಂದ ಪ್ರೇತಭಾವನೆಗೆ ಎಡೆಯಿಲ್ಲದಾಯಿತು. ಎಂಜಲೆಂಬ ಹೇಸಿಗೆಯಿದ್ದೆಡೆಯಲ್ಲಿ ಪ್ರಸಾದವೆಂಬ ಪೂಜ್ಯಭಾವ ನೆಲೆಗೊಂಡಿತು. ಜಾತಿಯಿದ್ದೆಡೆಯಲ್ಲಿ ದೀಕ್ಷೆ ಬಂದಿತು. ಇನ್ನು ರಜಸ್ಸು. ಇಲ್ಲಿಯ ತರ್ಕ ಅತ್ಯಂತ ಸರಳ, ಅಷ್ಟೇ ಅಚಲ. ಇಷ್ಟಲಿಂಗವು ಅಂಗವನ್ನು ಅಗಲಕೂಡದು. ತಿಂಗಳಲ್ಲಿ ಮೂರು ದಿನ ಹೆಣ್ಣಿನ ಅಂಗವು ಅಶುಚಿಯಾಗುವುದಾದರೆ ಆ ಮೂರು ದಿನ ಲಿಂಗವು ಎಲ್ಲಿರಬೇಕು? ಅಂಗದ ಮೇಲಿದ್ದರೆ ಅಶುಚಿಯೆಂಬ ಮಾತು ಬಿದ್ದುಹೋಗುತ್ತದೆ. ಅಗಲಿದರೆ ವೀರಶೈವವೇ ಬಿದ್ದುಹೋಗುತ್ತದೆ. ಎರಡರಲ್ಲೊಂದನ್ನು ಆರಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಶರಣರು ಆರಿಸಿಕೊಂಡರು. ಅದಕ್ಕೆ ಲೋಕವು ಪಡೆದ ಬೆಲೆಯನ್ನೂ ತೆತ್ತರು. ಜಾತಿಸೂತಕವನ್ನು ಕಳೆದ ಹರಳಯ್ಯ ಮಧುವರಸರು ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ.

ಹೀಗಿದ್ದೂ ನಮ್ಮ ಎಷ್ಟೋ ಮನೆಗಳಲ್ಲಿ ಈ ಐದೂ ಸೂತಕಗಳು ಹಿಂಬಾಗಿಲಿನಿಂದ ಮರಳಿ ಬಂದು ನೆಲೆಸಿವೆ. ಮಗಳು ಮೂರು ದಿನ ಪೂಜೆಯಿಂದ ದೂರವಿರುತ್ತಾಳೆ. ಸಂಜೆ ಅದೇ ಮನೆಯಲ್ಲಿ ಅಕ್ಕನ ವಚನಗಳ ಗಾಯನ ನಡೆಯುತ್ತದೆ. ಇದನ್ನು ಅಣಕಿಸುವುದಕ್ಕಾಗಿ ಹೇಳುತ್ತಿಲ್ಲ. ಇಲ್ಲಿ ನಷ್ಟವಾಗುತ್ತಿರುವುದು ಸಾಮಾಜಿಕ ಸಮಾನತೆಯೊಂದೇ ಅಲ್ಲವೆಂಬುದನ್ನು ಭಕ್ತರು ಮನಗಾಣಬೇಕೆಂಬುದಕ್ಕಾಗಿ ಹೇಳುತ್ತಿದ್ದೇನೆ. ಆ ಮನೆಯ ಹೆಣ್ಣುಮಗಳು ತಿಂಗಳುತಿಂಗಳೂ ಕಲಿಯುವ ಪಾಠ ಒಂದೇ: ಲಿಂಗಕ್ಕಿಂತ ಅಶುಚಿ ಬಲವಾದುದು. ಈ ಪಾಠವನ್ನು ಕಲಿತ ಮನಸ್ಸಿಗೆ ಲಿಂಗಾಂಗಸಾಮರಸ್ಯವು ಬರಿಯ ಪದವಾಗಿ ಉಳಿಯುತ್ತದೆ.

೫

ಇಷ್ಟು ಹೇಳಿದ ಮೇಲೆ ಮತ್ತೊಂದು ಅಪಾಯದ ಕಡೆಗೂ ಬೆರಳು ತೋರಬೇಕು. ಮೀರುವಿಕೆಯೇ ಆಚಾರವಾಗಿ ಹೆಪ್ಪುಗಟ್ಟಬಲ್ಲುದು. ಶರಣಸಮುದಾಯದಲ್ಲಿಯೇ ಹಳೆಯ ಕಟ್ಟಳೆಗಳು ಹೋದೆಡೆಯಲ್ಲಿ ಹೊಸ ವ್ರತನೇಮಗಳು ಬೆಳೆದವು. ಆಚಾರವೇ ಪ್ರಾಣವಾದ ರಾಮೇಶ್ವರಲಿಂಗವೆಂಬ ಅಂಕಿತದ ಅಕ್ಕಮ್ಮನು ವ್ರತನಿಷ್ಠೆಯನ್ನೇ ತನ್ನ ವಚನಗಳ ಜೀವಾಳವಾಗಿ ಮಾಡಿಕೊಂಡಳು. ಪ್ರಭುದೇವರಾದರೋ ವ್ರತದ ಅಹಂಕಾರವನ್ನು ಕಟುವಾಗಿ ಟೀಕಿಸಿದರು. ಇದನ್ನು ವಿರೋಧವೆಂದು ತಿಳಿಯಬೇಕಾಗಿಲ್ಲ. ಅಂಗಳಕ್ಕೆ ಬೇಲಿ ಬೇಕೆಂದು ಅಕ್ಕಮ್ಮ ಬಲ್ಲಳು. ಬೇಲಿಯನ್ನೇ ಬೆಳೆಯೆಂದು ಭ್ರಮಿಸಬಾರದೆಂದು ಪ್ರಭುದೇವರು ಎಚ್ಚರಿಸಿದರು. ಸೂತಕವನ್ನು ಕಳೆದೆನೆಂದು ಬೀಗುವವನಿಗೆ ಆ ಬೀಗುವಿಕೆಯೇ ಆರನೆಯ ಸೂತಕವಾಗುತ್ತದೆ.

ಆದುದರಿಂದ ವಚನಗಳನ್ನು ಓದುವ ವಿದ್ಯಾರ್ಥಿಯು ಶರಣರು ಯಾವುದನ್ನು ಮುರಿದರೆಂಬ ಪಟ್ಟಿಯನ್ನು ಬರೆದುಕೊಂಡು ತೃಪ್ತನಾಗಬಾರದು. ಮುರಿದೆಡೆಯಲ್ಲಿ ಏನನ್ನು ಕಟ್ಟಿದರು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಕೇಳಬೇಕು. ಭಕ್ತನು ಶರಣರ ನಡೆಗೆ ಕೈಮುಗಿದು ದೂರ ನಿಲ್ಲಬಾರದು. ತನ್ನ ಮನೆಯ ಪೂಜೆಯ ಕೋಣೆಯ ಹೊಸ್ತಿಲಲ್ಲಿ ಇನ್ನೂ ಯಾರು ನಿಂತಿದ್ದಾರೆಂಬುದನ್ನು ನೋಡಬೇಕು. ಅವರನ್ನು ಒಳಗೆ ಕರೆಯುವುದಕ್ಕೆ ಅಕ್ಕನ ವೈರಾಗ್ಯವಾಗಲಿ ಕಣ್ಣಪ್ಪನ ಸಾಹಸವಾಗಲಿ ಬೇಕಿಲ್ಲ. ಕೊರಳಲ್ಲಿರುವ ಲಿಂಗದ ಮೇಲೆ ನಂಬಿಕೆಯಿದ್ದರೆ ಸಾಕು.