‘ಸೊಗಡು’ ಅಂದುಬಿಟ್ಟರೆ ವಿಮರ್ಶೆ ಮುಗೀತಾ?

ಕಳೆದ ಸಲ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿದ್ದ ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಅವ್ವ ಎರಡೇ ದಿನದಲ್ಲಿ ಓದಿ ಮುಗಿಸಿದಳು. ಶರಾವತಿ ಹಿನ್ನೀರಿನ ಕಥೆ. ನಾನದನ್ನು ‘ಮನುಷ್ಯ-ಪ್ರಕೃತಿ ಸಂಘರ್ಷ’ ಅಂತ ಓದಿದ್ದೆ. ವಿಮರ್ಶೆ ಓದೀ ಓದೀ ಕಲಿತ ಮಾತದು.

ಅವ್ವ ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವಳು. ಅವಳಂದದ್ದು ಇಷ್ಟೇ: “ನೀರು ಕಡೀಕ ಬರತೈತಿ. ಮೊದಲ ಬರೋರು ಟೇಪ್ ಹಿಡದ ಸರ್ವೇದವ್ರು. ಗ್ವಾಡಿ ಮ್ಯಾಲ ನಂಬರ್ ಬರೀತಾರ ನೋಡು, ಮನಿ ಅವತ್ತೇ ಮುಳಗತೈತಿ.”

ಈ ಓದು ನಾನು ಓದಿದ ಯಾವ ವಿಮರ್ಶೆಯಲ್ಲೂ ಇರಲಿಲ್ಲ. ಬರೆದವರು ದಡ್ಡರೇನಲ್ಲ. ಅವರ ಗೋಡೆ ಮೇಲೆ ಯಾರೂ ನಂಬರ್ ಬರೆದಿರಲಿಲ್ಲ, ಅಷ್ಟೇ.

ನಮ್ಮ ಕಡೆಯ ಪುಸ್ತಕ ಬಂದಾಗ ಇನ್ನೊಂದು ತಮಾಷೆ ನಡೆಯುತ್ತೆ. ‘ಉತ್ತರ ಕರ್ನಾಟಕದ ಸೊಗಡು’ ಅಂತ ಒಂದು ಸಾಲು ಹೊಗಳಿ ವಿಮರ್ಶಕರು ಮುಂದೆ ಹೋಗಿಬಿಡ್ತಾರೆ. ಮೈಸೂರಿನವರು ಬರೆದರೆ ಅದು ‘ಭಾಷೆ’, ನಾವು ಬರೆದರೆ ‘ಸೊಗಡು’! ಕಲಬುರಗಿಯ ಗೀತಾ ನಾಗಭೂಷಣ ತಮ್ಮ ಸೀಮೆಯ ಮಾತಿನಲ್ಲೇ ‘ಬದುಕು’ ಬರೆದರು. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಪ್ರಶಸ್ತಿ ಶುರುವಾಗಿ ಆಗಲೇ ಐವತ್ತು ವರ್ಷ ಹತ್ತಿರವಾಗಿತ್ತು. ಅಲ್ಲಿಯವರೆಗೆ ಹೆಂಗಸರು ಬರೆದಿರಲಿಲ್ಲವೇ? ತ್ರಿವೇಣಿ, ಎಂ.ಕೆ. ಇಂದಿರಾ ಮನೆಮನೆಯಲ್ಲೂ ಇದ್ದರು. ಆದರೆ ಹೆಂಗಸರು ಬರೆದದ್ದಕ್ಕೆ ‘ಅಡುಗೆಮನೆ ಸಾಹಿತ್ಯ’ ಅನ್ನೋ ಹಣೆಪಟ್ಟಿ ರೆಡಿ ಇತ್ತು. ಅಡುಗೆಮನೆಯಲ್ಲಿ ನಿಂತು ಗೊತ್ತಿಲ್ಲದವರಿಗೆ ಅಲ್ಲಿ ನಡೆಯುವ ರಾಜಕೀಯ ಎಲ್ಲಿ ಕಾಣಬೇಕು?

ಹಾಗಂತ ಬಾಗಲಕೋಟೆಯ ಪುಸ್ತಕಕ್ಕೆ ಬಾಗಲಕೋಟೆಯವರು, ದಲಿತರ ಪುಸ್ತಕಕ್ಕೆ ದಲಿತರು ಅಂತ ಹಂಚಿಬಿಟ್ಟರೆ ಅದೂ ಒಂಥರಾ ಕೇರಿ ಕಟ್ಟಿದಂತೆಯೇ. ನನ್ನ ಆಸೆ ಬೇರೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಆಫೀಸು, ಒಂಟಿತನದ ಕಾದಂಬರಿಗಳು ಬರ್ತಾ ಇರುತ್ತವಲ್ಲ, ಅವನ್ನು ಇಳಕಲ್ಲಿನ ನೇಕಾರರ ಮನೆ ಹುಡುಗಿಗೆ ವಿಮರ್ಶೆಗೆ ಕೊಡಿ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವುದನ್ನು ನೋಡುತ್ತಾ ಬೆಳೆದವಳು ಅವಳು. ಕಥೆಯಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಅಂತ ಅವಳು ಹೇಳಲಿ. ಕಾದಂಬರಿಯಲ್ಲಿ ಎರಡೇ ಸಾಲಿಗೆ ಬಂದುಹೋಗುವ ಮನೆಗೆಲಸದವಳು ಯಾವ ಊರಿಂದ ಬಂದವಳು ಅಂತ ಅವಳು ಕೇಳಲಿ.

ನಾವು ಆ ಸಾಲುಗಳನ್ನು ಓದಿಯೂ ಓದದಂತೆ ದಾಟಿರ್ತೀವಿ.

ಅಂದಹಾಗೆ, ‘ದ್ವೀಪ’ ಇನ್ನೂ ಅವ್ವನ ಹತ್ತಿರವೇ ಇದೆ. ಪಕ್ಕದ ಮನೆಯವರಿಗೆ ಓದೋಕೆ ಕೊಟ್ಟಿದ್ದಾಳಂತೆ. ಅವರೂ ಮುಳುಗಡೆಯವರೇ.